ಗುಡ್ಡ ಕದಲಲಿಲ್ಲ

ಸಮಾಧಿ ಭೂಮಿಯ ಕಾವಲು ಕೋಣೆ,
ಭಾನುವಾರ, ಹದಿನಾಲ್ಕನೇ ತಾರೀಖು, ಸಂಜೆ

ಪ್ರೀತಿಯ ಅಕ್ಕಾ,

ತಮ್ಮನ ನಮಸ್ಕಾರ. ಮಂಡಿನೋವು ಹೇಗಿದೆ? ಆಸ್ಪತ್ರೆಯ ವಾರ್ಡಿನಲ್ಲಿ ಇಡೀ ದಿನ ನಿಂತೇ ಇರುತ್ತೀಯಂತೆ. ರೋಗಿಗಳಿಗೆ ಕೂರು, ಮಲಗು ಎಂದು ಗದರುವ ನಿನ್ನನ್ನು ಗದರುವವರು ಕಾನ್ವೆಂಟಿನಲ್ಲಿ ಯಾರೂ ಇಲ್ಲವೇ? ಊರಿಗೆಲ್ಲ ನೀನು ಸಿಸ್ಟರ್, ನನಗೊಬ್ಬನಿಗೆ ಅಕ್ಕ. ಆ ಹಕ್ಕಿನಿಂದ ಕೇಳುತ್ತಿದ್ದೇನೆ. ನಾವೆಲ್ಲ ಚೆನ್ನಾಗಿದ್ದೇವೆ. ನನ್ನವಳು ಪಕ್ಕದಲ್ಲೇ ಕೂತು, "ಮೊದಲು ಗುಡ್ಡದ ಸುದ್ದಿ ಬರೀರಿ" ಎಂದು ಮೊಣಕೈಯಿಂದ ತಿವಿಯುತ್ತಿದ್ದಾಳೆ.

ಸಮಾಧಿಗಳ ಹಿಂದಿನ ಆ ಗುಡ್ಡದ ಮರಗಳನ್ನು, ನೀನು ಕಾನ್ವೆಂಟಿಗೆ ಹೋದ ಮೇಲೆ, ಸಭಾಂಗಣದ ಚಾವಣಿಗೆಂದು ನಮ್ಮ ಚರ್ಚಿನವರೇ ಕಡಿಸಿದರು. ಕೊಡಲಿ ಹಿಡಿದವರಲ್ಲಿ ನಾನೂ ಒಬ್ಬ. ಅಲ್ಲಿಂದ ಪ್ರತಿ ಮಳೆಗೂ ಕೆಸರು ಜಾರಿ ಕೆಳಗಿನ ಬಟ್ಟೆ ಒಗೆಯುವವರ ಓಣಿಗೆ ನುಗ್ಗುತ್ತಿತ್ತು. ಮೂರು ವರ್ಷದ ಹಿಂದೆ ಇಸ್ತ್ರಿ ಅಜ್ಜಿಯ ಮನೆಯ ಹಿಂಗೋಡೆಯೇ ಬಿತ್ತು. ಸೊಂಟದವರೆಗೆ ಹೂತುಹೋಗಿದ್ದ ಅವಳನ್ನು ನಾನು ಗೋರಿಗುಂಡಿ ತೋಡುವ ಗುದ್ದಲಿಯಿಂದಲೇ ಬಿಡಿಸಿದೆ. ಅವಳು ಮುಖದ ಕೆಸರು ಒರೆಸಿಕೊಂಡು, "ಬದುಕಿದ್ದವರನ್ನೂ ಹೂಳ್ತೀರೇನಪ್ಪಾ ನೀವು?" ಅಂದಳು. ಅಕ್ಕಾ, ಆ ಮಾತು ಗಂಟಲಿನ ಮುಳ್ಳಾಯಿತು.

ಫಾದರ್ ಬಳಿ ಹೋಗಿ ಹೇಳಿಕೊಂಡೆ. ಆ ಭಾನುವಾರ ಅವರು ಬರೆದು ತಂದ ಉಪದೇಶವನ್ನು ಮಡಿಸಿಟ್ಟರು. "ದೇವರು ಮನುಷ್ಯನಿಗೆ ಕೊಟ್ಟ ಮೊದಲ ಕೆಲಸ ತೋಟ ನೋಡಿಕೊಳ್ಳೋದು. ನಾವು ಅದನ್ನ ಕಡಿದು ಚಾವಣಿ ಹಾಕ್ಕೊಂಡ್ವಿ. ಈ ಪಾಪಕ್ಕೆ ಕಣ್ಣೀರು ಸಾಲದು, ಗುಂಡಿ ತೋಡಬೇಕು" ಅಂದರು. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ಗುಂಡಿ ಎಂದರೆ ನಾನೇ ತಾನೆ!

ಮೊದಲ ವರ್ಷ ಇನ್ನೂರು ಅತ್ತಿ ಸಸಿ ನೆಟ್ಟೆವು. ಬೇಸಿಗೆಗೆ ಇನ್ನೂರೂ ಒಣಗಿ ಕಡ್ಡಿಯಾದವು. ಚರ್ಚಿನ ಸಮಿತಿಯ ಹಿರಿಯರೂ ಆದ ಮರದ ಮಿಲ್ಲಿನ ಯಜಮಾನರು ಎಲ್ಲರೆದುರು, "ಅವನ ಕೈಗುಣ ಗೊತ್ತಲ್ಲ, ಅವನು ಮಣ್ಣಿಗೆ ಹಾಕಿದ್ದು ಮೇಲೇಳುತ್ತಾ?" ಎಂದರು. ಜನ ನಕ್ಕರು. ನಾನೂ ಹಲ್ಲು ಕಿರಿದೆ, ಆದರೆ ಮನೆಗೆ ಬಂದು ಗುದ್ದಲಿಯನ್ನು ಮೂಲೆಗೆ ಎಸೆದೆ.

ಮರುದಿನ ಬೆಳಿಗ್ಗೆ ಇಸ್ತ್ರಿ ಅಜ್ಜಿ ತಲೆಯ ಮೇಲೆ ಗಂಟು ಹೊತ್ತು ಏದುಸಿರು ಬಿಡುತ್ತ ಹತ್ತಿ ಬಂದಳು. ಬಟ್ಟೆಯ ಗಂಟಲ್ಲ, ಕಾಲುವೆ ದಡದಿಂದ ಕಿತ್ತು ತಂದ ಲಾವಂಚದ ಹುಲ್ಲಿನ ಬುಡಗಳು. "ಮೊದಲು ಹುಲ್ಲು ಹಾಕು. ಹುಲ್ಲು ಮಣ್ಣನ್ನ ಹಿಡಿದ್ರೆ ಮಣ್ಣು ಮರಾನ ಹಿಡಿಯುತ್ತೆ" ಅಂದಳು. ಅವಳು ನಮ್ಮ ಚರ್ಚಿನವಳೂ ಅಲ್ಲ. ಅಂದಿನಿಂದ ಓಣಿಯವರೂ ನಾವೂ ಸೇರಿ ಸಾಲುಸಾಲಾಗಿ ಹುಲ್ಲು ನೆಟ್ಟೆವು, ನಡುವೆ ಒಂದೊಂದು ಮನೆಯವರು ತಮ್ಮ ತೀರಿಕೊಂಡವರ ಹೆಸರಲ್ಲಿ ಒಂದೊಂದು ಸಸಿ. ಭಾನುವಾರದ ಪೂಜೆ ಮುಗಿದ ಕೂಡಲೇ, ಹಾಕಿದ ಒಳ್ಳೆ ಬಟ್ಟೆಯಲ್ಲೇ, ಓಣಿಯ ಬಟ್ಟೆ ಜಾಲಿಸಿದ ನೀರನ್ನು ಬಕೆಟ್ಟಿನಲ್ಲಿ ಕೈಯಿಂದ ಕೈಗೆ ಮೇಲಕ್ಕೆ ಸಾಗಿಸುತ್ತಿದ್ದೆವು. ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುವ ಹೆಂಗಸೊಬ್ಬರು ತೀರಿಹೋದ ಗಂಡನ ಹೆಸರಿನ ಗಿಡಕ್ಕೆ ನೀರು ಹಾಕುವಾಗ, ಅವರು ಬದುಕಿದ್ದಾಗ ಬೈಯುತ್ತಿದ್ದಷ್ಟೇ ಅಚ್ಚುಕಟ್ಟಾಗಿ ಬೈಯುತ್ತಾರೆ. ಆ ಗಿಡವೇ ಎಲ್ಲಕ್ಕಿಂತ ಎತ್ತರ.

ಈ ವಾರ ಬಂತು ನೋಡು ಪರೀಕ್ಷೆ. ಮೂರು ದಿನ ಬಿಡದೆ ಮಳೆ ಹೊಯ್ಯಿತು. ಓಣಿಯವರೆಲ್ಲ ಮೂಟೆ ಕಟ್ಟಿಕೊಂಡು ಶಾಲೆಯ ಕಟ್ಟಡ ಸೇರಿದ್ದರು. ಶುಕ್ರವಾರ ಬೆಳಕು ಹರಿಯುತ್ತಲೇ ಗುಡ್ಡ ನೋಡಲು ಹೋದೆ. ಹುಲ್ಲು ನೆಲಕ್ಕೆ ಮಲಗಿತ್ತು, ಆದರೆ ಅದರ ಬುಡದಿಂದ ಹರಿಯುತ್ತಿದ್ದುದು ತಿಳಿನೀರು. ಗುಡ್ಡ ಒಂದು ಗೇಣೂ ಕದಲಿರಲಿಲ್ಲ. ಅಜ್ಜಿಯ ಹೊಸ ಹಿಂಗೋಡೆಗೆ ಕೆಸರಿನ ಒಂದು ಚುಕ್ಕೆಯೂ ಇಲ್ಲ. ಕೂತು ಹುಚ್ಚನ ಹಾಗೆ ನಕ್ಕೆ. ಆಮೇಲೆ ಓಡಿಹೋಗಿ ಚರ್ಚಿನ ಗಂಟೆ ಬಾರಿಸಿದೆ. ಗುಡ್ಡ ಬಿತ್ತೆಂದು ಹೆದರಿ ಜನ ಬಿದ್ದೆದ್ದು ಬಂದರು. "ಬಿದ್ದಿಲ್ಲ, ಬಿದ್ದಿಲ್ಲ" ಎಂದು ಹೇಳಿ ಹೇಳಿ ನನ್ನ ದನಿ ಬಿದ್ದುಹೋಯಿತು. ಇಸ್ತ್ರಿ ಅಜ್ಜಿ ಮೇಲಿನಿಂದ ಕೆಳಗಿನವರೆಗೆ ಗುಡ್ಡವನ್ನೊಮ್ಮೆ ನೋಡಿ, "ಹೂಂ, ಈಗ ಮನುಷ್ಯರಾದ್ರಿ" ಅಂದಳು. ಫಾದರ್ ಕಣ್ಣೊರೆಸಿಕೊಂಡರು.

ಇವತ್ತಿನ ಪೂಜೆಗೆ ಓಣಿಗೆ ಓಣಿಯೇ ಬಂದಿತ್ತು. ಮುಗಿದ ಮೇಲೆ ಮಿಲ್ಲಿನ ಯಜಮಾನರು ಬಂದು, ತಲೆ ತಗ್ಗಿಸಿ, "ನನಗೂ ಒಂದು ಗುಂಡಿ ತೋಡಿಕೊಡಪ್ಪ" ಅಂದರು. "ನಿಮಗಿನ್ನೂ ಆಯಸ್ಸಿದೆ ಯಜಮಾನರೇ" ಅಂದೆ. "ಗಿಡಕ್ಕೆ ಕಣಯ್ಯಾ!" ಎಂದು ಅವರೇ ಮೊದಲು ನಕ್ಕರು. ಗುದ್ದಲಿಯನ್ನು ಅವರ ಕೈಗೇ ಕೊಟ್ಟೆ. ತೋಡಿದರು, ಅಕ್ಕಾ. ಅಂಗೈಯಲ್ಲಿ ಬೊಬ್ಬೆ ಬರುವವರೆಗೆ ತೋಡಿದರು.

ನಿನ್ನ ಜೊತೆಯ ಸಿಸ್ಟರುಗಳಿಗೆಲ್ಲ ನನ್ನ ವಂದನೆ ತಿಳಿಸು. ನಿನ್ನ ಪ್ರಾರ್ಥನೆಯಲ್ಲಿ ನಮ್ಮ ಗುಡ್ಡಕ್ಕೂ ಒಂದು ಸಾಲು ಇರಲಿ.

ನಿನ್ನ ತಮ್ಮ,
ಗುಂಡಿ ಮೇಷ್ಟ್ರು (ಊರವರು ಈಗ ಹೀಗೇ ಕರೆಯುತ್ತಾರೆ)

ಮರೆತ ಮಾತು: ನನ್ನವಳು ಲಕೋಟೆಗೆ ಅಂಟು ಹಚ್ಚಿ ನಿಂತಿದ್ದಾಳೆ, ಬೇಗ ಬರೆದುಬಿಡುತ್ತೇನೆ. ಅಪ್ಪನನ್ನು ಮಣ್ಣು ಮಾಡಿದ ದಿನ ಸಂಜೆಯವರೆಗೂ ನಿನಗಾಗಿ ಕಾದಿದ್ದೆ. ವಾರ್ಡು ಬಿಟ್ಟು ಬರಲಾಗಲಿಲ್ಲ ಎಂದು ನೀನು ಬರೆದೆ. ಆರು ವರ್ಷ ನಿನ್ನ ಕಾಗದಗಳಿಗೆ ಎರಡೇ ಸಾಲು ಗೀಚಿ ಕಳಿಸುತ್ತಿದ್ದುದು ಆ ಸಿಟ್ಟಿಗೆ. ಈ ಶುಕ್ರವಾರದಿಂದ ಆ ಸಿಟ್ಟು ಹುಡುಕಿದರೂ ಸಿಗುತ್ತಿಲ್ಲ. ಅಪ್ಪನ ಹೆಸರಿನ ಸಸಿಯನ್ನು ಇನ್ನೂ ನೆಟ್ಟಿಲ್ಲ. ಗುಂಡಿ ನಾನು ತೋಡುತ್ತೇನೆ, ಮಣ್ಣು ನೀನು ಹಾಕಬೇಕು. ರಜೆ ಕೇಳು, ಅಕ್ಕಾ.