ಪಿಸ್ತೂಲಿನ ಮೇಲಿನ ಕಲೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಚೆನ್ನಾಗಿದ್ದೀವಿ ಅಂತ ಬರೆದು ಹೊಡೆದುಹಾಕಿದೆ. ನಿನ್ನ ಹತ್ತಿರ ಸುಳ್ಳು ಯಾಕೆ? ಫೋನ್ ಮಾಡೋಣ ಅಂದರೆ ಇವರು ಮನೆ ಬಿಟ್ಟು ಕದಲೋದಿಲ್ಲ. ಈ ಮನೆಯಲ್ಲಿ ಪಿಸುಗುಟ್ಟಿದರೂ ಕೇಳಿಸುತ್ತೆ.

ಬರೋ ಶುಕ್ರವಾರ ಇವರು ಭಾವನ ಬಂದೂಕಿನ ಅಂಗಡಿಗೆ ಬರ್ತಾರೆ, ಹೋದ ತಿಂಗಳು ಅಲ್ಲೇ ಕೊಂಡ ಪಿಸ್ತೂಲು ತಗೊಂಡು. ಅದರ ಮೇಲ್ಭಾಗದಲ್ಲಿ ಕಪ್ಪು ಬಣ್ಣ ಒಂದು ಕಡೆ ಮಾಸಿ ಕಲೆಯಾಗಿದೆ. ಕಡಲೆಬೇಳೆಯಷ್ಟೂ ಇಲ್ಲ. ಅದನ್ನ ಸರಿಮಾಡಿಸಬೇಕಂತೆ. ನಿನ್ನ ಕಾಲಿಗೆ ಬೀಳ್ತೀನಿ ಅಕ್ಕ, ಭಾವನಿಗೆ ಹೇಳು. ಕಂಪನಿಗೆ ಕಳಿಸಬೇಕು, ತುಂಬಾ ದಿನ ಹಿಡಿಯುತ್ತೆ ಅಂತ ಏನಾದರೂ ನೆವ ಹೇಳಿ ಅಲ್ಲೇ ಇಟ್ಟುಕೊಳ್ಳಲಿ. ಅದು ಮತ್ತೆ ಈ ಹೊಸಿಲು ದಾಟಬಾರದು.

ನಮ್ಮ ಗ್ಯಾರೇಜಿಗೆ ಕಳ್ಳರು ನುಗ್ಗಿ, ಇವರನ್ನ ಕಾರಿಗೆ ಪೇಂಟ್ ಹೊಡೆಯೋ ಕೋಣೆಯಲ್ಲಿ ಕಟ್ಟಿಹಾಕಿ ಹೋದದ್ದು ನಿನಗೆ ಗೊತ್ತೇ ಇದೆ. ಲೈಸೆನ್ಸ್ ಸಿಕ್ಕಿ, ಪಿಸ್ತೂಲು ಬಂದರೆ ಧೈರ್ಯ ಬರುತ್ತೆ ಅಂದುಕೊಂಡೆ. ಎಲ್ಲಿಯ ಧೈರ್ಯ! ಮೊದಲು ಸದ್ದಾದರೆ ಬರೀ ಬೆಚ್ಚಿಬೀಳ್ತಿದ್ದರು. ಈಗ ಬೆಚ್ಚಿಬಿದ್ದು ಸೊಂಟಕ್ಕೆ ಕೈಹಾಕ್ತಾರೆ.

ತಂದ ದಿನವೇ ಆ ಕಲೆ ಕಂಡಿತ್ತು. ಇವರ ಕಣ್ಣಿಗೆ ಬೀಳದೆ ಇರುತ್ತಾ? ನಿಮ್ಮ ಕಾರಿನ ಬಾಗಿಲ ಮೇಲೆ ಸುಮ್ಮನೆ ಕೈಯಾಡಿಸಿ, ಇದು ಕಂಪನಿ ಬಣ್ಣ ಅಲ್ಲ ಅಂತ ಹೇಳಿ, ಭಾವ ನಿನ್ನಿಂದ ಮುಚ್ಚಿಟ್ಟಿದ್ದ ಆಕ್ಸಿಡೆಂಟನ್ನ ಬಯಲಿಗೆಳೆದ ಮಹಾರಾಯರು! ಆದರೆ ಅವತ್ತು ಭಾವ ಬೇರೆ ಪೀಸ್ ಕೊಡ್ತೀನಿ ಅಂದರೂ ಇವರು ಬೇಡ ಅಂದರು. ಗುಂಡು ಹಾರೋದಕ್ಕೆ ಬಣ್ಣ ಯಾಕೆ ಅಂತ ನಕ್ಕರು.

ಈಗ ಹೇಳ್ತೀನಿ, ಕೂತುಕೊಂಡು ಓದು. ಮಂಗಳವಾರ ಮನೆಯಲ್ಲಿ ಕೈ ಸುಮ್ಮನಿರಲಾರದೆ ಮುಂಬಾಗಿಲಿಗೆ ಹೊಸ ಪೇಂಟ್ ಹೊಡೆದರು. ಒಣಗೋ ತನಕ ಯಾರೂ ಮುಟ್ಟಬಾರದು, ಹಿಂದಿನಿಂದಲೇ ಬಾ ಅಂತ ಮಗಳಿಗೆ ಫೋನ್ ಮಾಡಿ ಹೇಳಿದವರೂ ಇವರೇ. ಆಮೇಲೆ ಕುರ್ಚಿಯಲ್ಲಿ ಕೂತಲ್ಲೇ ಜೋಂಪು ಹತ್ತಿದೆ, ಹೇಳಿದ್ದೇ ಮರೆತುಹೋಗಿದೆ. ಸಂಜೆ ಆಸ್ಪತ್ರೆ ಡ್ಯೂಟಿ ಮುಗಿಸಿ ಮಗಳು ಹಿತ್ತಲಿನಿಂದ ಬಂದಳು. ಅಡುಗೆಮನೆ ಬಾಗಿಲು ಕಿರ್ ಅಂತು. ನಾನು ಪಾತ್ರೆ ತೊಳೀತಿದ್ದವಳು ತಿರುಗಿ ನೋಡ್ತೀನಿ, ಇವರು ಪಿಸ್ತೂಲು ಎತ್ತಿ ಅವಳ ಎದೆಗೆ ಗುರಿ ಹಿಡಿದು ನಿಂತಿದ್ದಾರೆ. ಒಳಗೆ ಗುಂಡಿತ್ತು ಅಕ್ಕ. ಅವಳು ಅಪ್ಪಾ ಅಂದಳು. ಅಷ್ಟೇ. ಇವರು ಕೈ ಇಳಿಸೋಕೆ ಎಷ್ಟು ಹೊತ್ತು ಮಾಡಿದರೋ ಏನೋ.

ಅವತ್ತಿನಿಂದ ಅದರ ಬಗ್ಗೆ ಒಂದು ಮಾತಿಲ್ಲ. ಮಗಳ ಮುಖ ಕೂಡ ನೋಡೋದಿಲ್ಲ. ಮಾರನೇ ಬೆಳಿಗ್ಗೆಯಿಂದ ಶುರುವಾಗಿದ್ದು ಈ ಕಲೆಯ ಪುರಾಣ. ಗುಂಡೆಲ್ಲ ತೆಗೀತಾರೆ, ತೆಗೆದಿದ್ದೀನಾ ಅಂತ ಮತ್ತೆ ಮತ್ತೆ ನೋಡ್ತಾರೆ, ಕಿಟಕಿ ಬೆಳಕಿಗೆ ಹಿಡೀತಾರೆ, ಕಲೆ ದೊಡ್ಡದಾಗ್ತಿದೆ ಅಂತಾರೆ. ಕಲೆ ಏನು ಹುಣ್ಣಾ, ಬೆಳೆಯೋದಕ್ಕೆ? ಅಷ್ಟು ಕಾಡಿದರೆ ಗ್ಯಾರೇಜಿನಲ್ಲಿ ನೀವೇ ಒಂದು ಕೈ ಬಣ್ಣ ಹೊಡೀರಿ ಅಂದೆ. ಇದು ಕಾರಿನ ಬಾಗಿಲಲ್ಲ, ಭಾವನಿಗೇ ಕೊಡಬೇಕು ಅಂತ ಸಿಡುಕಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಹೆತ್ತ ಮಗಳ ಎದೆಗೆ ಗುರಿಯಿಟ್ಟ ಮನುಷ್ಯನಿಗೆ ಬಣ್ಣದ ಚಿಂತೆಯಾ!

ಮಗಳು ಈಗ ಬೀದಿಯಿಂದಲೇ ಅಪ್ಪಾ ನಾನು, ಅಪ್ಪಾ ನಾನು ಅಂತ ಕೂಗಿಕೊಂಡು ಬರ್ತಾಳೆ. ಪಕ್ಕದ ಮನೆಯವರು ತಮಾಷೆ ಅಂದುಕೊಂಡು ನಗ್ತಾರೆ. ನಾನೂ ನಗ್ತೀನಿ, ಇನ್ನೇನು ಮಾಡಲಿ. ಅವಳು ಒಳಗೆ ಬಂದು ಚಪ್ಪಲಿ ಬಿಡೋ ತನಕ ನಾನು ಬಾಗಿಲಲ್ಲೇ ನಿಂತಿರ್ತೀನಿ.

ಈ ಕಲೆ ದೇವರು ಕೊಟ್ಟ ನೆಪ ಅಂತ ನನಗೆ ಅನ್ನಿಸಿದೆ. ಅದಕ್ಕೇ ನಾನೂ ದಿನಾ ಇವರ ಮಾತಿಗೆ ಹೂಂಗುಟ್ಟಿ, ಹೌದು, ತುಂಬಾ ಅಸಹ್ಯವಾಗಿ ಕಾಣುತ್ತೆ ಅಂತಿದ್ದೀನಿ. ನಾನು ಹೀಗೆ ಬರೆದೆ ಅಂತ ಇವರಿಗೆ ಮಾತ್ರ ಗೊತ್ತಾಗೋದು ಬೇಡ. ಗಂಡಸಿನ ಮಾನ ತೆಗೆದೆ ಅಂತ ಕುಗ್ಗಿಹೋಗ್ತಾರೆ.

ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ಪುಕ್ಕಲು ತಂಗಿ

ತಾ.ಕ.: ಲಕೋಟೆ ಅಂಟಿಸೋಕೆ ಹೊರಟಿದ್ದೆ, ಇವರು ಬಂದು ಯಾರಿಗೆ ಕಾಗದ ಅಂತ ಕೇಳಿದರು. ಅಕ್ಕನಿಗೆ ಅಂದೆ, ಕೈಯಿಂದ ಮುಚ್ಚಿಕೊಂಡೆ. ಕಿತ್ತುಕೊಂಡು ಓದ್ತಾರೇನೋ ಅಂದುಕೊಂಡೆ. ಓದಲಿಲ್ಲ. ಗೋಡೆ ಕಡೆ ಮುಖ ಮಾಡಿಕೊಂಡು, ಬಣ್ಣಕ್ಕೆ ಏನೂ ಅವಸರ ಇಲ್ಲ ಅಂತ ಭಾವನಿಗೆ ಬರಿ ಅಂದರು. ಸರಿ ಅಂದೆ. ಹೊರಟವರು ಬಾಗಿಲಲ್ಲಿ ನಿಂತು, ಮುಂದೆ ನಾನೇ ಬಂದು ಜಗಳ ಆಡಿ ಕೇಳಿದರೂ ಪಿಸ್ತೂಲು ಕೊಡಬಾರದು, ಅದನ್ನೂ ಬರಿ ಅಂದರು.