ಊಟದ ಹೊತ್ತಿಗೆ ಏರುವ ಸಂಖ್ಯೆ

ಕಾಪು,
೧೦ ಸೆಪ್ಟೆಂಬರ್ ೨೦೨೫, ಬುಧವಾರ

ಪ್ರೀತಿಯ ತಮ್ಮ ಸ್ಟೀವನ್,

ನಿನ್ನ ಮೊಣಕಾಲು ಹೇಗಿದೆ? ಕಳೆದ ಸಲ ಫೋನಿನಲ್ಲಿ ಪರವಾಗಿಲ್ಲ ಎಂದೆ. ಆದರೆ ನೀನು ಎಲ್ಲದಕ್ಕೂ ಪರವಾಗಿಲ್ಲ ಎನ್ನುವವನು. ದಿನವಿಡೀ ಕ್ಯಾಂಪಿನ ಅಡುಗೆಮನೆಯಲ್ಲಿ ನಿಂತು ಅಷ್ಟು ಜನರಿಗೆ ಬೇಯಿಸಿ ಹಾಕುವವನ ಕಾಲು ಪರವಾಗಿಲ್ಲದೆ ಇರಲು ಹೇಗೆ ಸಾಧ್ಯ? ಈ ಪೊಟ್ಟಣದಲ್ಲಿ ಎಣ್ಣೆಯ ಬಾಟಲಿ ಉಂಟು, ಮಲಗುವ ಮೊದಲು ಹಚ್ಚಿಕೋ. ಮಸ್ಕತ್ತಿನಲ್ಲಿ ಬಿಸಿಲು ಸ್ವಲ್ಪ ಇಳಿದಿರಬಹುದು. ಇಲ್ಲಿ ಮಳೆ ಬಿಟ್ಟು ಬಿಟ್ಟು ಬರುತ್ತಿದೆ, ಬಟ್ಟೆ ಒಣಗುವುದಿಲ್ಲ. ನಾನು ಸೌಖ್ಯ. ಮಣಿಪಾಲದ ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ ಹಾಗೆಯೇ ನಡೆದಿದೆ, ಕನ್ನಡಕದ ನಂಬರು ಮಾತ್ರ ಏರಿದೆ. ಮಮ್ಮಿಯ ವಿಷಯ ಬರೆಯಲೆಂದೇ ಕುಳಿತಿದ್ದೇನೆ.

ಫೋನು ಇರುವಾಗ ಕಾಗದ ಯಾಕೆ ಎಂದು ನೀನು ಕೇಳುವೆ. ಫೋನು ಮಾಡಿದರೆ ಮಮ್ಮಿ ಪಕ್ಕದಲ್ಲೇ ಬಂದು ಕೂರುತ್ತಾಳೆ. ಮೆಸೇಜು ಕಳಿಸಿದರೆ ನನ್ನ ಮೊಬೈಲನ್ನೂ ತೆಗೆದು ನೋಡುತ್ತಾಳೆ. ಕಜೆಟನ್ ಬಾಪುವಿನ ಮಗಳು ಜೋನ್ ತೆನೆಹಬ್ಬದ ರಜೆ ಮುಗಿಸಿ ಇವತ್ತು ಸಂಜೆ ಮಸ್ಕತ್ತಿಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಇದನ್ನೂ, ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ಹೊಸ ತೆನೆಯನ್ನೂ ಕಳಿಸುತ್ತಿದ್ದೇನೆ. ತೆನೆಯನ್ನು ಟಿಶ್ಯೂ ಕಾಗದದಲ್ಲಿ ಸುತ್ತಿದವಳು ಮಮ್ಮಿ. ಕಾಳು ಉದುರದ ಹಾಗೆ ಅವಳು ಅದಕ್ಕೆ ದಾರ ಕಟ್ಟಿದ್ದನ್ನು ನೋಡಿದರೆ ನೀನು ನಗುವೆ, ಹಸುಗೂಸಿಗೆ ಟೊಪ್ಪಿ ಕಟ್ಟಿದ ಹಾಗಿದೆ.

ಈಸ್ಟರಿಗೆ ಮೊದಲು ಪಪ್ಪ ತೀರಿಕೊಂಡಾಗ ಮಣ್ಣಿಗೆ ನೀನು ಬರಲು ಆಗಲಿಲ್ಲ. ಪಾಸ್‌ಪೋರ್ಟು ವೀಸಾ ಬದಲಾವಣೆಗೆಂದು ಕಂಪೆನಿಯ ಕೈಯಲ್ಲಿತ್ತು, ಅದು ನಿನ್ನ ತಪ್ಪಲ್ಲ, ಆ ಮಾತು ಮತ್ತೆ ಎತ್ತುವುದಿಲ್ಲ. ಊರಲ್ಲಿ ಎಲ್ಲರೂ ಮಾಡುವಂತೆ ನಾವೂ ಎರ್ಮಾಳಿನ ಬ್ರಯಾನನನ್ನು ಕರೆಸಿ ಇಗರ್ಜಿಯಿಂದ ಇಂಟರ್ನೆಟ್ಟಿನಲ್ಲಿ ಲೈವ್ ಮಾಡಿಸಿದೆವು. ಗಲ್ಫಿನಲ್ಲಿ ಮಕ್ಕಳಿರುವ ಮನೆಯಲ್ಲಿ ಈಗ ಪೆಟ್ಟಿಗೆ, ಹೂವು, ಬ್ಯಾಂಡಿನ ಜೊತೆಗೆ ಅದನ್ನೂ ಹೇಳಿಬಿಡುತ್ತಾರೆ. ನೀನು ಮಮ್ಮಿಗೆ, ಎಲ್ಲ ನೋಡಿದೆ ಮಮ್ಮಿ, ಕೊನೆಯವರೆಗೂ ನೋಡಿದೆ, ಎಂದೆ. ಮರುವಾರ ನನಗೊಬ್ಬಳಿಗೆ ಮಾತ್ರ, ಅಕ್ಕ, ನನಗೆ ಅದನ್ನು ತೆರೆಯಲು ಆಗಲಿಲ್ಲ, ಎಂದೆ. ನಾನು ಅದನ್ನು ಯಾರಿಗೂ ಹೇಳಿಲ್ಲ.

ಈಸ್ಟರ್ ಕಳೆದ ಮೇಲೆ ಮಮ್ಮಿ ಮಧ್ಯಾಹ್ನದ ಊಟಕ್ಕೆ ಮೊಬೈಲ್ ಇಟ್ಟುಕೊಳ್ಳತೊಡಗಿದಳು. ಉಪ್ಪಿನಕಾಯಿ ಭರಣಿಗೆ ಒರಗಿಸಿ, ಪಪ್ಪನ ವಿಡಿಯೋ ಹಾಕಿ, ಗಂಜಿಯ ಮುಂದೆ ಕೂರುತ್ತಿದ್ದಳು. ಅದು ಮುಗಿದರೆ ಮೊಬೈಲ್ ತಾನಾಗಿಯೇ ಇನ್ನೊಂದು ಸಾವನ್ನು ತಂದುಕೊಡುತ್ತದೆ. ಕಾರ್ಕಳದ ಯಾರದೋ ಮನೆ, ಹಿರಿಯಡ್ಕದ ಯಾರದೋ ಮನೆ. ಒಂದೂ ಪರಿಚಯದ ಮುಖವಲ್ಲ. ಆದರೆ ಸ್ವಲ್ಪ ದಿನದಲ್ಲಿ ಅವರೆಲ್ಲ ನಮ್ಮ ಸಂಬಂಧಿಕರಾದರು. ನಾನು ಸಂಜೆ ಬಸ್ಸಿಳಿದು ಬಂದು ಚಪ್ಪಲಿ ಬಿಡುವಾಗಲೇ ಸುದ್ದಿ: ಕಾರ್ಕಳದ ಆ ಹುಡುಗಿ ಪಾಪ, ತಂದೆಯ ಕೈ ಬಿಡಲೇ ಇಲ್ಲ ನೋಡು. ಎದುರುಮನೆಯ ವಿನೋದಕ್ಕನನ್ನು ನಿನಗೆ ಗೊತ್ತಲ್ಲ, ಅವರ ಬಾಯಿಗೆ ಬೀಗವಿಲ್ಲ. ಒಂದು ದಿನ ಗೇಟಿನಿಂದಲೇ, ಎಂತ ಆನಿಬಾಯಿ, ಊರಿನವರ ಸಾವಿಗೆಲ್ಲ ಕೂತಲ್ಲಿಂದಲೇ ಹೋಗ್ತೀರಿ, ನನ್ನ ಮಗಳ ಸೀಮಂತಕ್ಕೆ ರಸ್ತೆ ದಾಟಿ ಬರ್ಲಿಕ್ಕೆ ಆಗ್ಲಿಲ್ಲ ಅಲ್ವಾ, ಎಂದರು. ಮಮ್ಮಿ ನಕ್ಕಳು. ನಕ್ಕು ಒಳಗೆ ಬಂದು ಮತ್ತೆ ಅದನ್ನೇ ಹಾಕಿದಳು. ಗಂಜಿಯ ಮೇಲೆ ಕೆನೆ ಕಟ್ಟಿತ್ತು. ಸಿಗಡಿ ಚಟ್ನಿಯನ್ನು ಬೆರಳಲ್ಲಿ ಮುಟ್ಟಿ ಬಿಟ್ಟಿದ್ದಳು. ಜೂನ್ ಹೊತ್ತಿಗೆ ಮದುವೆಯ ಉಂಗುರ ಪಾತ್ರೆ ತೊಳೆಯುವಾಗ ಕಳಚಿ ಬಿದ್ದು, ಅದಕ್ಕೆ ನೂಲು ಸುತ್ತಿ ಹಾಕಿಕೊಂಡಳು.

ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತ, ಹೊಟ್ಟೆ, ಎಲ್ಲ ನೋಡಿದರು. ಕಾಯಿಲೆ ಏನೂ ಕಾಣುವುದಿಲ್ಲ ಎಂದರು. ಆಮೇಲೆ ಆ ಡಾಕ್ಟರು ಮಮ್ಮಿಯನ್ನು, ಅಮ್ಮ, ಊಟ ಮಾಡುವಾಗ ಎಂತ ಮಾಡ್ತೀರಿ, ಎಂದು ಕೇಳಿದರು. ಊಟ ಮಾಡುವಾಗ ಊಟ ಮಾಡುದಲ್ವಾ ಡಾಕ್ಟ್ರೇ, ಮತ್ತೆಂತ ಮಾಡುದು, ಎಂದಳು. ಡಾಕ್ಟರು ನನ್ನ ಮುಖ ನೋಡಿದರು, ನಾನು ಇದ್ದದ್ದನ್ನು ಹೇಳಿದೆ. ಅವರು ಮದ್ದು ಬರೆಯಲಿಲ್ಲ. ಊಟದ ಮೇಜಿಗೆ ಊಟ ಮಾತ್ರ ಬರಲಿ, ಇದೇ ಮದ್ದು, ಇದು ಆಗದಿದ್ದರೆ ಇನ್ನು ಎರಡು ತಿಂಗಳಲ್ಲಿ ಇವರನ್ನು ಹಾಸಿಗೆಯಲ್ಲಿ ನೋಡಬೇಕಾಗುತ್ತದೆ ಎಂದರು. ವಾಪಸು ಬರುವಾಗ ಮಮ್ಮಿ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಬಿಟ್ಟು ಹಿಂದೆ ಹೋಗಿ ಕೂತಳು.

ಮರುದಿನ ಭಾನುವಾರ. ಊಟದ ಹೊತ್ತಿಗೆ ಮೊಬೈಲನ್ನು ಕಪಾಟಿನೊಳಗೆ ಇಟ್ಟೆ. ಮಮ್ಮಿ ಬೈಯಲಿಲ್ಲ. ಅನ್ನವನ್ನೂ ಮುಟ್ಟಲಿಲ್ಲ. ನನ್ನ ಬಟ್ಟಲಿನ ಪಕ್ಕ ತೆರೆದಿದ್ದ ಪುಸ್ತಕವನ್ನು ತೋರಿಸಿ, ನೀನು ಓದಿಕೊಂಡು ತಿನ್ನಬಹುದು, ನಾನು ನೋಡಿಕೊಂಡು ತಿನ್ನಬಾರದು, ಇದು ಯಾವ ನ್ಯಾಯ, ಎಂದಳು. ಅವಳು ಹೇಳಿದ್ದು ಸರಿಯೇ. ಅನುವಾದವಾಗಿ ಬಂದ ಕಾದಂಬರಿಗಳಲ್ಲಿ ಹಿಮದ ಊರಿನವರು ಸೂಪು ಕುಡಿಯುವುದನ್ನು ಓದುತ್ತ ನಾನು ನಮ್ಮ ಮನೆಯ ಗಂಜಿ ಉಂಡು ದೊಡ್ಡವಳಾದವಳು. ಅವರ ಸೂಪಿನಲ್ಲಿ ಏನೇನಿತ್ತು ಎಂದು ಹೇಳಬಲ್ಲೆ, ಮೊನ್ನೆ ಮಮ್ಮಿ ಮಾಡಿದ ಪಲ್ಯ ಯಾವುದು ಎಂದು ಕೇಳಿದರೆ ಯೋಚಿಸಬೇಕು. ಪುಸ್ತಕ ತಿನ್ನುತ್ತೀಯೋ ಗಂಜಿ ತಿನ್ನುತ್ತೀಯೋ ಎಂದು ಅವಳು ಕೇಳುತ್ತಿದ್ದದ್ದು ನಿನಗೂ ನೆನಪಿರಬಹುದು. ನಾನು ಪುಸ್ತಕವನ್ನೂ ಕಪಾಟಿನೊಳಗೆ ಇಟ್ಟು ಬಂದೆ. ಆಮೇಲೆ ಅಚ್ಚುಕೂಟಕ್ಕೆ ರಜೆ ಹಾಕಿ ಒಂದು ವಾರ ಮಧ್ಯಾಹ್ನವೂ ಮನೆಯಲ್ಲೇ ಉಂಡೆ.

ಮೊದಲ ದಿನ ಕಷ್ಟವಾಯಿತು ಸ್ಟೀವನ್. ಹೆದ್ದಾರಿಯ ಬಸ್ಸುಗಳ ಸದ್ದು, ನಮ್ಮಿಬ್ಬರ ಜಗಿಯುವ ಸದ್ದು, ಪಪ್ಪನ ಕುರ್ಚಿ. ಇಷ್ಟು ದಿನ ಆ ಕುರ್ಚಿಯನ್ನು ನೋಡದೆ ಇರಲು ಒಬ್ಬಳಿಗೆ ಮೊಬೈಲ್, ಒಬ್ಬಳಿಗೆ ಪುಸ್ತಕ ಸಿಕ್ಕಿತ್ತು, ಅಷ್ಟೇ. ಆದರೂ ಅವಳು ಉಂಡಳು. ಸಾರಿಗೆ ಹುಳಿ ಹೆಚ್ಚಾಗಿದೆ ಎಂದಳು. ಎಷ್ಟೋ ದಿನಗಳ ನಂತರ ಅವಳು ಊಟದಲ್ಲಿ ತಪ್ಪು ಹಿಡಿದದ್ದು. ನನಗೆ ಎದ್ದು ಅವಳ ತಲೆ ಮುಟ್ಟಬೇಕು ಅನ್ನಿಸಿತು. ನಮ್ಮ ಮನೆಯಲ್ಲಿ ಅಂಥದ್ದು ರೂಢಿಯಿಲ್ಲ, ಇನ್ನೊಂದು ಸೌಟು ಸಾರು ಬಡಿಸಿದೆ.

ವಾರದ ಕೊನೆಗೆ ಮಮ್ಮಿ ನಿನಗೆ ಫೋನು ಮಾಡಿ, ಜ್ವರ ಉಂಟಾ, ಯಾಕೆ ಸುಮ್ಮನಾದೆ, ಎಂದು ಕೇಳಿದ್ದು ನೆನಪಿದೆಯಾ? ನೀನು, ಇಲ್ಲ ಮಮ್ಮಿ, ಯಾರು ಹೇಳಿದ್ದು, ಎಂದು ನಕ್ಕೆ. ಅವಳು ನಂಬಲಿಲ್ಲ. ನಾನು ಯಾಕೆಂದು ಕೇಳಿದಾಗ ಮೊಬೈಲ್ ತಂದು ಪಪ್ಪನ ವಿಡಿಯೋದ ಕೆಳಗಿನ ಸಂಖ್ಯೆಯನ್ನು ತೋರಿಸಿದಳು, ಎಷ್ಟು ಸಲ ನೋಡಲಾಗಿದೆ ಎಂಬ ಸಂಖ್ಯೆ. ಇದು ದಿನಾ ಏರ್ತಾ ಇತ್ತು, ಶಾರ್ಲೆಟ್. ಊರಿನವರು ಮಣ್ಣಿಗೆ ಬಂದಿದ್ದಾರೆ, ಅವರಿಗೆ ಪುನಃ ನೋಡುವ ಅಗತ್ಯ ಎಂತ? ಅವನೇ. ಊಟದ ಹೊತ್ತಿಗೆ ಪುರುಸೊತ್ತು ಸಿಕ್ಕಿದಾಗ ಒಬ್ಬನೇ ಕೂತು ನೋಡ್ತಾನೆ. ಅದಕ್ಕೇ ನಾನೂ ಅದೇ ಹೊತ್ತಿಗೆ ಹಾಕ್ತಿದ್ದೆ, ಅವನು ಒಬ್ಬನೇ ಆಗುದು ಬೇಡ ಅಂತ. ಈಗ ಒಂದು ವಾರದಿಂದ ಸಂಖ್ಯೆ ಅಲ್ಲೇ ನಿಂತಿದೆ. ಅವನಿಗೆ ಹುಷಾರಿಲ್ಲ.

ಮಾರನೆಯ ಮಧ್ಯಾಹ್ನ ಮೊಬೈಲ್ ಮತ್ತೆ ಭರಣಿಗೆ ಒರಗಿತು. ಸಂಖ್ಯೆ ಏರಿತು. ಅವನಿಗೆ ಗುಣವಾಯಿತು, ಎಂದಳು. ಆ ಮುಖದಲ್ಲಿ ನೆಮ್ಮದಿಯಿತ್ತು.

ಏರಿಸುತ್ತಿದ್ದವಳು ಅವಳೇ ಎಂದು ನಾನು ಹೇಗೆ ಹೇಳಲಿ? ಹಾಗೆ ಹೇಳಿದರೆ ನೀನು ನೋಡಲಿಲ್ಲ ಎಂದೂ ಹೇಳಿದ ಹಾಗೆ. ಬ್ರಯಾನನನ್ನು ಕಂಡು, ಆ ವಿಡಿಯೋ ತೆಗೆದುಹಾಕಲು ಆಗುತ್ತದಾ ಎಂದು ಕೇಳಿದೆ. ಆಗ್ತದೆ ಶಾರ್ಲೆಟ್‌ಬಾಯಿ, ಈಗಲೇ ತೆಗೀತೇನೆ, ಆದರೆ ಅದು ಸ್ಟೀವನ್‌ಗೆ ಅಂತಲೇ ಇಟ್ಟದ್ದಲ್ವಾ, ಎಂದ. ನಾನು ಬೇಡ ಎಂದು ಬಂದೆ.

ಮೊನ್ನೆ ಸೋಮವಾರ ಹಬ್ಬ. ಪಪ್ಪ ಇಲ್ಲದ ಮೊದಲ ತೆನೆಹಬ್ಬ. ಪಪ್ಪನ ಕಡೆಯಿಂದ ಕಜೆಟನ್ ಬಾಪು, ಜೋನ್ ಬಂದಿದ್ದರು. ಬಾಳೆಲೆ ಹಾಕಿ, ನಿನಗೂ ಒಂದು ಎಲೆ ಹಾಕಿದೆವು. ಪಪ್ಪ ಮಾಡುತ್ತಿದ್ದ ಹಾಗೆ ಈ ಸಲ ಮಮ್ಮಿ ಕಾಳು ಸುಲಿದು ಅರೆದು ತೆಂಗಿನಹಾಲಿಗೆ ಹಾಕಿದಳು. ಒಂದು ಕಾಳೂ ನೆಲಕ್ಕೆ ಬೀಳಲಿಲ್ಲ. ನಿನಗೆ ಫೋನು ಮಾಡಿದೆವು, ನೀನು ಕೆಲಸದಲ್ಲಿದ್ದೆ, ತೆಗೆಯಲಿಲ್ಲ. ಆಗ ಮಮ್ಮಿ ಮೊಬೈಲನ್ನು ನಿನ್ನ ಎಲೆಯ ಮುಂದೆ ನಿಲ್ಲಿಸಿ ಪಪ್ಪನ ವಿಡಿಯೋ ಹಾಕಿದಳು. ಮಣ್ಣಿನ ದಿನದ ಆ ಹಾಡು ಹಬ್ಬದ ಊಟದ ಮೇಲೆ ಬಂತು. ಆನಿ, ಇವತ್ತೊಂದು ದಿನವಾದರೂ, ಎಂದು ಬಾಪು ಶುರುಮಾಡಿದರು. ಅವನು ಊಟಕ್ಕೆ ಕೂತಿದ್ದಾನೆ, ಸುಮ್ಮನಿರಿ, ಎಂದಳು. ನಾವು ತಲೆ ತಗ್ಗಿಸಿ ಉಂಡೆವು. ಜೋನ್ ಕಣ್ಣೀರು ಒರೆಸಲು ಅಡುಗೆಮನೆಗೆ ಹೋದಳು. ಎಲ್ಲರಿಗೂ ತೆನೆಯ ಹಾಲು ಹಂಚಿದ ಮಮ್ಮಿ ತಾನು ಕುಡಿಯಲಿಲ್ಲ. ತನ್ನ ಪಾಲಿನ ಕಾಳನ್ನು ದೇವರ ಅಲ್ತಾರಿನ ಮೇಲೆ ಪಪ್ಪನ ಫೋಟೋದ ಹತ್ತಿರ ಇಟ್ಟಿದ್ದಾಳೆ. ಸ್ಟೀವನ್ ತಿಂದ ಮೇಲೆ ಎಂದಿದ್ದಾಳೆ. ಹೊಸ ಅಕ್ಕಿಯನ್ನು ಅವಳು ಬಿಟ್ಟ ವರ್ಷ ನನಗೆ ಗೊತ್ತಿಲ್ಲ, ನೀನು ಹುಟ್ಟಿದ ಬಾಣಂತನದಲ್ಲಿ ಕೂಡ ಹಾಸಿಗೆಗೆ ತರಿಸಿ ತಿಂದವಳು.

ನಿನಗೊಂದು ಮಾತು ಹೇಳಬಹುದಾ? ಅಷ್ಟು ಜನರಿಗೆ ಬಡಿಸಿ ನೀನು ಸಿಂಕಿನ ಪಕ್ಕ ನಿಂತು, ಒಂದು ಕೈಯಲ್ಲಿ ಬಟ್ಟಲು ಒಂದು ಕೈಯಲ್ಲಿ ಮೊಬೈಲ್ ಹಿಡಿದು ತಿನ್ನುವುದನ್ನು ಜೋನ್ ನೋಡಿದ್ದಾಳಂತೆ. ಕೂತು ತಿನ್ನು. ಏನು ತಿನ್ನುತ್ತಿದ್ದೇನೆ ಎಂದು ನೋಡಿ ತಿನ್ನು. ಅಳು ಬಂದರೆ ಬರಲಿ, ನಮಗೂ ಬಂತು. ಆದರೂ ಅನ್ನ ಇಳಿಯಿತು.

ನಿನ್ನ ಕೋಣೆಯವರನ್ನೆಲ್ಲ ಕೇಳಿದೆನೆಂದು ಹೇಳು. ವಿನೋದಕ್ಕ ನಿನ್ನನ್ನು ಕೇಳಿದ್ದಾರೆ, ಬರುವಾಗ ಖರ್ಜೂರ ಮರೆಯಬಾರದಂತೆ. ದೇವರು ನಿನ್ನ ಕೈಕಾಲು ಗಟ್ಟಿಯಾಗಿಡಲಿ. ಮಮ್ಮಿಯ ಆಶೀರ್ವಾದ ತೆನೆಗೆ ಕಟ್ಟಿದ ದಾರದಲ್ಲೇ ಉಂಟು, ಬೇರೆ ಬರೆಯುವುದಿಲ್ಲ.

ನಿನ್ನ ಅಕ್ಕ,
ಶಾರ್ಲೆಟ್

ಮರೆತ ಮಾತು: ಜೋನ್‌ಳ ಕಾರು ಗೇಟಿಗೆ ಬಂತು, ಬೇಗ ಬರೆಯುತ್ತೇನೆ. ಇಷ್ಟು ಬರೆದರೂ ಬರೆಯಬೇಕಾದದ್ದನ್ನು ಬಿಟ್ಟಿದ್ದೆ. ಆ ವಿಡಿಯೋವನ್ನು ಒಂದು ಸಲ ನೋಡು. ಪೂರ್ತಿ ಬೇಡ. ಪೆಟ್ಟಿಗೆ ಮುಚ್ಚುವ ಮೊದಲು ನಾವೆಲ್ಲ ಫೋಟೋಗೆ ಸುತ್ತ ನಿಲ್ಲುತ್ತೇವಲ್ಲ, ಅಲ್ಲಿಂದ. ಆಗ ಬ್ರಯಾನ್ ಮಮ್ಮಿಗೆ, ಆನಿಬಾಯಿ, ಇಲ್ಲಿ ನೋಡಿ, ಸ್ಟೀವನ್ ಇದರಲ್ಲಿ ನೋಡ್ತಾ ಇದ್ದಾನೆ, ಎಂದ. ಅವಳು ತಲೆಯೆತ್ತಿ ಕ್ಯಾಮೆರಾ ನೋಡಿ ಏನೋ ಹೇಳುತ್ತಾಳೆ. ಹಾಡಿನ ಸದ್ದಿನಲ್ಲಿ ಅದು ಕೇಳುವುದಿಲ್ಲ. ಪಪ್ಪನ ಹೆಸರು ಹೇಳಿ ಅತ್ತಿರಬೇಕೆಂದು ನಾವು ಅಂದುಕೊಂಡಿದ್ದೆವು. ನಿನ್ನೆ ನಾನು ಸದ್ದು ತೆಗೆದು ಅವಳ ತುಟಿಗಳನ್ನಷ್ಟೇ ಮತ್ತೆ ಮತ್ತೆ ನೋಡಿದೆ. ನಮ್ಮ ಮನೆಯಲ್ಲಿ ದಿನಾ ಕೇಳುವ ಮಾತೇ ಅದು. ಜೆವಾಣ್ ಜಾಲೆಂ? ಊಟ ಆಯಿತಾ ಎಂದು ನಿನ್ನನ್ನು ಕೇಳುತ್ತಿದ್ದಾಳೆ, ಸ್ಟೀವನ್. ನೀನು ನೋಡಿದೆ ಎಂದೆ, ಆದರೆ ಅದಕ್ಕೆ ಉತ್ತರ ಕೊಡಲಿಲ್ಲ. ಅವಳು ಆವತ್ತಿನಿಂದ ಕಾಯುತ್ತಿದ್ದಾಳೆ. ಅದನ್ನು ನೋಡಿದ ಮೇಲೆ ಈ ತೆನೆಯ ಕಾಳು ಬಿಡಿಸಿ, ಕೂತು, ತಿನ್ನು. ತಿಂದಾದ ಮೇಲೆ ಫೋನು ಮಾಡಿ ಆಯಿತು ಎಂದು ಹೇಳು. ತಿನ್ನದೆ ಹೇಳಬೇಡ.