ಬೆಂಕಿದೇವಿಯ ರಾಶಿ

ಹಮ್ರಿಯಾ, ಮಸ್ಕತ್
18 ನವೆಂಬರ್ 1988

ಪ್ರೀತಿಯ ತಂಗಿ ಆಲಿಸ್,

ಅಮ್ಮನ ಮಂಡಿನೋವು ಹೇಗಿದೆ? ನಿನ್ನ ಕೆಮ್ಮು ಹೋಯಿತೇ? ದಿನವೂ ಸ್ಕೂಟರಿನ ಹಿಂದೆ ಗಾಳಿಗೆ ಕೂತರೆ ಹೋಗುವುದಾದರೂ ಹೇಗೆ! ನಾನು ಸೌಖ್ಯ. ನನ್ನ ಮೇಡಂನ ಗೆಳತಿಯ ಮನೆಯ ಕೆಲಸಕ್ಕೆ ನಿನಗೆ ಕೇಳಿದ್ದ ವೀಸಾ ಏನಾಯಿತೆಂದು ಬರೆದಿದ್ದೀ. ಹೇಳುತ್ತೇನೆ, ಸ್ವಲ್ಪ ತಾಳು.

ಊರಿಗೆ ಹೊರಟವರ ಪೆಟ್ಟಿಗೆಯಲ್ಲಿ ಹಮ್ರಿಯಾದವರೆಲ್ಲರ ಪೊಟ್ಟಣ ತುಂಬುವುದು ನಿನಗೆ ಗೊತ್ತೇ ಇದೆ. ಒಬ್ಬರ ಸೆಂಟು, ಇನ್ನೊಬ್ಬರ ಹಾಲಿನ ಪುಡಿ. ಮನೆಮನೆಗೆ ಮುಟ್ಟಿಸದಿದ್ದರೆ ಇಲ್ಲಿ ತಲೆಯೆತ್ತಿ ನಡೆಯುವಂತಿಲ್ಲ. ನನಗೆ ರಜೆ ಸಿಗಲಿಲ್ಲ, ಒಬ್ಬರೇ ಊರಿಗೆ ಹೊರಟ ನಿನ್ನ ಭಾವ ಸ್ಟ್ಯಾನ್ಲಿಗೆ ಶಿರ್ವ ದಾಟಿದರೆ ದಾರಿ ತಿಳಿಯದು. "ಆಲಿಸನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ, ಮನೆ ತೋರಿಸುತ್ತಾಳೆ" ಎಂದವಳು ನಾನೇ. ಈಗ ರಜೆ ಮುಗಿದರೂ ಇವರು ಮರಳುವ ಸುದ್ದಿಯಿಲ್ಲ. ಪೊಟ್ಟಣ ಬಾಕಿ ಇದೆಯಂತೆ. ಮೊನ್ನೆ ಊರಿನಿಂದ ಮರಳಿದ ಪಕ್ಕದ ಮನೆಯ ಮೈಮುನಾ ಹೇಳಿದಳು: "ನಿಮ್ಮ ಗಂಡ, ತಂಗಿ ನಮ್ಮಲ್ಲಿಗೂ ಬಂದಿದ್ರು ಮಾರಾಯ್ತಿ. ಎಂಥ ನಗು! ಚಾಯಕ್ಕೆ ಕೂತವರು ಊಟ ಮಾಡಿಯೇ ಎದ್ದದ್ದು. ನಮ್ಮ ಉಮ್ಮ ಅವಳನ್ನೇ ಹೆಂಡತಿ ಅಂತ ಗ್ರಹಿಸಿದ್ದು!" ನಾನೂ ನಕ್ಕೆ. ನಗದೆ ಏನು ಮಾಡಲಿ?

ನಾನು ಮಕ್ಕಳನ್ನು ನೋಡಿಕೊಳ್ಳುವ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಮನೆಯ ಮೇಡಂ ಹವಾಯಿ ದ್ವೀಪದವರು. ನನ್ನ ಹುಟ್ಟುಹಬ್ಬಕ್ಕೆ ಕೇಕು ತಂದು, "ನಿನ್ನದು ವೃಶ್ಚಿಕ ರಾಶಿ" ಎಂದರು. ಈ ಚೇಳಿನವರು ಹಿಡಿದದ್ದನ್ನು ಬಿಡುವುದಿಲ್ಲವಂತೆ, ಪ್ರೀತಿಸಿದರೆ ಸುಡುವಷ್ಟು ಪ್ರೀತಿಸುತ್ತಾರಂತೆ, ಒಳಗಿನದನ್ನು ಹೊರಗೆ ತೋರಿಸುವುದಿಲ್ಲವಂತೆ. ಅವರ ಊರಿನ ಬೆಂಕಿಬೆಟ್ಟದ ದೇವಿ ಪೆಲೆ ಥೇಟ್ ಹೀಗೆಯೇ ಎಂದು ಕಥೆ ಹೇಳಿದರು. ನಮ್ಮ ಅಜ್ಜಿ ಹೇಳುವ ಹಾಗೆ ಹೇಳುತ್ತೇನೆ, ಕೇಳು.

ದೂರದ ದ್ವೀಪದ ಒಬ್ಬ ಚೆಲುವನ ಮೇಲೆ ಪೆಲೆಗೆ ಮನಸ್ಸಾಯಿತು. ಬೆಟ್ಟ ಬಿಟ್ಟು ತಾನು ಹೋಗುವಂತಿಲ್ಲ. ತಂಗಿ ಹಿಯಾಕಾಳನ್ನು ಕರೆದು, "ಹೋಗು ತಂಗೀ, ಅವನನ್ನು ಕರಕೊಂಡು ಬಾ, ಮುಟ್ಟಬೇಡ" ಎಂದಳು. "ಆಯಿತಕ್ಕಾ, ನನ್ನ ಕೆಂಪು ಹೂವಿನ ತೋಪು ನೋಡಿಕೋ" ಎಂದು ತಂಗಿ ಹೊರಟಳು. ದಾರಿಯಲ್ಲಿ ರಾಕ್ಷಸರು ಅಡ್ಡ ಬಂದು ತಡವಾಯಿತು. ಹೊಟ್ಟೆಕಿಚ್ಚು ಹತ್ತಿದ ಅಕ್ಕ ತೋಪನ್ನೇ ಸುಟ್ಟುಬಿಟ್ಟಳು. ಅಲ್ಲಿಯವರೆಗೆ ಮಾತಿಗೆ ತಪ್ಪದೆ ಅವನನ್ನು ಕರಕೊಂಡು ಬಂದ ತಂಗಿ, ಬೂದಿ ನೋಡಿದವಳೇ ಅಕ್ಕನ ಕಣ್ಣೆದುರೇ ಅವನನ್ನು ತಬ್ಬಿಕೊಂಡಳು.

"ಪೆಲೆ ದಡ್ಡಿ ಮೇಡಂ, ಸುಡದಿದ್ದರೆ ಅವನು ಅವಳಿಗೇ ಉಳಿಯುತ್ತಿದ್ದ" ಎಂದೆ. ಮೇಡಂ ನನ್ನ ಮುಖವನ್ನೇ ನೋಡಿ, ಇನ್ನೊಂದು ತುಂಡು ಕೇಕು ಹಾಕಿದರು.

ಅಮ್ಮನಿಗೆ ನನ್ನ ಮುತ್ತು ಕೊಡು. ದೇವರು ನಿನಗೆ ಆದಷ್ಟು ಬೇಗ ನಿನ್ನದೇ ಆದ ಒಬ್ಬ ಗಂಡನನ್ನು ಕೊಡಲಿ.

ನಿನ್ನ ಅಕ್ಕ,
ಲೂರ್ಡ್ಸ್

ವಿ.ಸೂ.: ಆ ವೀಸಾಕ್ಕೆ ಇವತ್ತು ಬೆಳಿಗ್ಗೆ ನನ್ನ ಗೆಳತಿ ಏಂಜೆಲಾಳ ಹೆಸರು ಕೊಟ್ಟುಬಿಟ್ಟೆ. ಖಲಾಸ್. ಭಾವನನ್ನು ಈ ಕಾಗದ ಸಿಕ್ಕಿದ ಮೇಲಿನ ಮೊದಲ ಶುಕ್ರವಾರದ ವಿಮಾನ ಹತ್ತಿಸು. ಉಳಿದ ಪೊಟ್ಟಣಗಳನ್ನು ನೀನು ಬಸ್ಸಿನಲ್ಲಿ ಹೋಗಿ ಕೊಡು.